ಕಾಲೇಜು ಫುಟ್‌ಬಾಲ್: ಖರ್ಚಿಗೆ ಮಿತಿ ಹಾಕಿದರೆ ಪೈಪೋಟಿ ಸಮನಾಗುತ್ತದೆಯೇ?

ಕೊಲಂಬಸ್ ಕನ್ನಡಿಗ:
ಇಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುವವರು ಸಾಕಷ್ಟು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನೋಡದವರಿಗಾಗಿ ಮೊದಲು ಹಿನ್ನೆಲೆ.

ಈ ಆಟಗಾರರಿಗೆ ಬಹಳ ಕಾಲ ಸಿಗುತ್ತಿದ್ದದ್ದು ಸ್ಕಾಲರ್‌ಶಿಪ್, ಊಟ, ವಸತಿ. ಅದಕ್ಕಿಂತ ಒಂದು ಡಾಲರ್ ಹೆಚ್ಚು ಮುಟ್ಟಿದರೂ ಶಿಕ್ಷೆ. 2021ರ ಜುಲೈನಲ್ಲಿ ಹೊರಗಿನವರಿಂದ ಜಾಹೀರಾತಿನ ದುಡ್ಡು ತೆಗೆದುಕೊಳ್ಳಬಹುದು ಎಂದಾಯಿತು. ಇದನ್ನೇ ಎನ್‌ಐಎಲ್ ಎನ್ನುತ್ತಾರೆ. 2025ರ ಜೂನ್ 6ರಂದು ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಆಟಗಾರರು ದುಡ್ಡಿನ ಪಾಲಿಗಾಗಿ ಹೂಡಿದ್ದ 'ಹೌಸ್' ಮೊಕದ್ದಮೆಯ ರಾಜಿಗೆ ಒಪ್ಪಿಗೆ ಕೊಟ್ಟ ಮೇಲೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಆದರೆ ಮಿತಿ ಇದೆ. 2025-26ಕ್ಕೆ ಒಂದು ವಿಶ್ವವಿದ್ಯಾಲಯ ಎಲ್ಲ ಆಟಗಳಿಗೂ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್ ದಾಟುವಂತಿಲ್ಲ. ವರ್ಷ ವರ್ಷ ಅದು ಸ್ವಲ್ಪ ಏರುತ್ತದೆ, ಒಟ್ಟು ಹತ್ತು ವರ್ಷದ ಒಪ್ಪಂದ. ಹಳೆಯ ಆಟಗಾರರಿಗೆ ಬಾಕಿ ಎಂದು ಸುಮಾರು 280 ಕೋಟಿ ಡಾಲರ್ ಹಂಚುತ್ತಾರೆ.

ನನ್ನ ನಿಲುವು: ಮಿತಿ ಬೇಕೇ ಬೇಕು. ನಾನು ಒಹಾಯೊ ಸ್ಟೇಟ್ ಕಡೆಯವನು. 2024ರ ಸೀಸನ್‌ನಲ್ಲಿ ನಾವು ಚಾಂಪಿಯನ್ ಆದೆವು, ಫೈನಲ್‌ನಲ್ಲಿ ನೋಟರ್ ಡೇಮ್ ಅನ್ನು 34-23ರಿಂದ ಸೋಲಿಸಿದೆವು. ಆ ತಂಡಕ್ಕೆ ಸುಮಾರು 2 ಕೋಟಿ ಡಾಲರ್ ಹೋಗಿದೆ ಎಂದು ಅಥ್ಲೆಟಿಕ್ ಡೈರೆಕ್ಟರೇ ಬಹಿರಂಗವಾಗಿ ಹೇಳಿದ್ದರು. ನಮ್ಮ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಮೀರಿ ಜನ ಕೂರುತ್ತಾರೆ, ನಮ್ಮ ತಂಡ ಇರುವ ಬಿಗ್ ಟೆನ್ ಕಾನ್ಫರೆನ್ಸಿನ (ಒಟ್ಟಾಗಿ ಆಡುವ ವಿಶ್ವವಿದ್ಯಾಲಯಗಳ ಕೂಟ) ಟಿವಿ ಒಪ್ಪಂದ ಏಳು ವರ್ಷಕ್ಕೆ ಸುಮಾರು 700 ಕೋಟಿ ಡಾಲರಿನದು. ಇಷ್ಟಿರುವವರು ಕೈ ಬಿಚ್ಚಿ ಖರ್ಚು ಮಾಡಿದರೆ ಪಕ್ಕದ ಟೊಲೆಡೊದಂಥ ಸಣ್ಣ ತಂಡ ಎಲ್ಲಿ ನಿಲ್ಲಬೇಕು? ಗೆದ್ದದ್ದು ನನ್ನ ತಂಡವೇ ಆದರೂ, ಹಣದ ಬಲದ ಮೇಲೆ ಮೊದಲೇ ಅರ್ಧ ತೀರ್ಮಾನವಾದ ಆಟ ನನಗೆ ಬೇಡ. ನಿಮಗೇನನ್ನಿಸುತ್ತದೆ?

ಹುಬ್ಬಳ್ಳಿ ಹುಡುಗ:
ನಮಸ್ಕಾರ್ರೀ ಸರ್. ಡಲ್ಲಾಸ್‌ನಿಂದ ಬರೀಲಿಕ್ಕತ್ತೇನಿ. ಮಿತಿ ಬೇಕು ಅಂತೀರಿ, ಒಳ್ಳೇದು. ಆದ್ರ ಯಾರಿಗೆ ಹಾಕ್ಯಾರ ಅನ್ನೋದು ನೋಡ್ರಿ. ಆಡೋ ಹುಡುಗ್ರಿಗೆ ಮಾತ್ರ. ಕೋಚ್‌ಗೆ ಮಿತಿ ಇಲ್ಲ. 2023ರ ನವೆಂಬರ್‌ನ್ಯಾಗ ಟೆಕ್ಸಸ್ ಎ ಆ್ಯಂಡ್ ಎಂ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನ ತೆಗೆದು ಹಾಕ್ತು. ಕರಾರಿನ ಪ್ರಕಾರ ಅವರಿಗೆ ಕೊಡಬೇಕಾದ ರೊಕ್ಕ 7 ಕೋಟಿ 60 ಲಕ್ಷ ಡಾಲರ್. ಕೆಲಸಾ ಮಾಡಬ್ಯಾಡ ಅಂತ ಹೇಳಲಿಕ್ಕೆ ಇಷ್ಟು! ಈಗಿನ ಮಿತಿ ಪ್ರಕಾರ ಒಂದು ಯೂನಿವರ್ಸಿಟಿಯೊಳಗಿನ ಎಲ್ಲಾ ಆಟದ ಎಲ್ಲಾ ಹುಡುಗ್ರು, ಹುಡುಗ್ಯಾರಿಗೆ ಮೂರೂವರೆ ವರ್ಷ ಕೊಡೋ ರೊಕ್ಕ ಅದು.

2025ರ ಅಕ್ಟೋಬರ್‌ನ್ಯಾಗ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ತನ್ನ ಕೋಚ್ ಬ್ರಯನ್ ಕೆಲಿ ಅವರನ್ನ ತೆಗೀತು, ಅಲ್ಲೂ ಸುಮಾರು 5 ಕೋಟಿ 40 ಲಕ್ಷದ ಲೆಕ್ಕ. ಈ ಎರಡನೇದು ನಡದಿದ್ದು ಮಿತಿ ಬಂದ ಮ್ಯಾಲೆ ಅನ್ನೋದು ನೆನಪಿಡ್ರಿ. ಕೋಚ್‌ಗಿಲ್ಲ, ಕಟ್ಟಡಕ್ಕಿಲ್ಲ, ಆಡಳಿತದವರ ಸಂಬಳಕ್ಕಿಲ್ಲ. ತಲಿಗೆ ಪೆಟ್ಟು ತಿಂದು, ಮೊಣಕಾಲು ಮುರಕೊಂಡು ಆಡೋವ್ರಿಗೆ ಮಾತ್ರ ಐತಿ. ಇದಕ್ಕ ನ್ಯಾಯಯುತ ಪೈಪೋಟಿ ಅಂತ ಹೆಸರಿಡಬ್ಯಾಡ್ರಿ.

ಬಸವನಗುಡಿ ಬೆಂಚು:
ನಾನು ಬೆಂಗಳೂರಿನಲ್ಲಿ ಕೂತು ನೋಡುವವನು. ನಮಗೆ ಐಪಿಎಲ್ ಉದಾಹರಣೆ ಹತ್ತಿರವಾಗುತ್ತದೆ. 2025ರ ದೊಡ್ಡ ಹರಾಜಿಗೆ ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ. ಅಂಬಾನಿ ಮಾಲೀಕರಾದರೂ ಅಷ್ಟೇ, ಬೇರೆಯವರಾದರೂ ಅಷ್ಟೇ. ರಿಷಭ್ ಪಂತ್‌ಗೆ ಲಖನೌ 27 ಕೋಟಿ ಸುರಿದರೆ ಉಳಿದ ಜಾಗಗಳಿಗೆ ಕೈ ಬಿಗಿ ಹಿಡಿಯಲೇಬೇಕು. ಆರ್‌ಸಿಬಿ ಹದಿನೆಂಟನೇ ಸೀಸನ್ನಿನಲ್ಲಿ ಗೆದ್ದಿತು. ಅಷ್ಟು ವರ್ಷ ಗೆಲ್ಲದೆ ಇದ್ದಾಗಲೂ 'ದುಡ್ಡಿಲ್ಲದೆ ಸೋತೆವು' ಎಂದು ಯಾರೂ ಹೇಳಲಿಲ್ಲ, ತಂಡದ ಆಯ್ಕೆಯನ್ನೇ ಬೈದೆವು. ಮಿತಿ ಇದ್ದರೆ ಸೋಲಿಗೂ ಒಂದು ಮರ್ಯಾದೆ ಇರುತ್ತದೆ. ಅಮೆರಿಕದಲ್ಲಿ ಇದೇಕೆ ಕೆಲಸ ಮಾಡಬಾರದು?

ಕಾನೂನು ಕಡತ:
ಬೆಂಚು ಅವರೇ, ಐಪಿಎಲ್ ಮಿತಿ ಕೆಲಸ ಮಾಡುವುದಕ್ಕೆ ಕಾರಣ ಮಿತಿ ಒಂದೇ ಅಲ್ಲ. ಪ್ರಸಾರದ ದುಡ್ಡು ಮೊದಲು ಮಂಡಳಿಗೆ ಬಂದು ಆಮೇಲೆ ತಂಡಗಳಿಗೆ ಹಂಚಿಕೆಯಾಗುತ್ತದೆ. ಅಂದರೆ ಆದಾಯ ಹತ್ತಿರ ಹತ್ತಿರ ಸಮ, ಅದರ ಮೇಲೆ ಖರ್ಚೂ ಸಮ. ಕಾಲೇಜು ಫುಟ್‌ಬಾಲಿನಲ್ಲಿ ಆ ಮೊದಲ ಮೆಟ್ಟಿಲೇ ಇಲ್ಲ. ಹಿಂದೆ ಟಿವಿ ಹಕ್ಕು ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ಕೈಯಲ್ಲಿತ್ತು, ಯಾವ ತಂಡ ಎಷ್ಟು ಸಲ ಟಿವಿಯಲ್ಲಿ ಕಾಣಿಸಿಕೊಳ್ಳಬೇಕು ಎಂಬುದಕ್ಕೂ ಲೆಕ್ಕವಿತ್ತು. ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. 1984ರಲ್ಲಿ ಸುಪ್ರೀಂ ಕೋರ್ಟ್ 7-2ರಿಂದ ಆ ಏಕಸ್ವಾಮ್ಯವನ್ನು ಮುರಿಯಿತು. ಆಮೇಲೆ ಕಾನ್ಫರೆನ್ಸುಗಳು ತಮ್ಮ ತಮ್ಮ ಪಂದ್ಯಗಳನ್ನು ತಾವೇ ಮಾರಿಕೊಂಡವು. ಇವತ್ತಿನ ಅಸಮಾನತೆಯ ಬುಡ ಅಲ್ಲಿದೆ, ಆಟಗಾರರ ಕೈಗೆ ಬಂದ ದುಡ್ಡಿನಲ್ಲಿ ಅಲ್ಲ. 2023ರಲ್ಲಿ ಪ್ಯಾಕ್-12 ಕಾನ್ಫರೆನ್ಸ್ ಒಡೆದದ್ದೂ ಟಿವಿ ದುಡ್ಡಿಗೇ. 2024ರ ಸೀಸನ್‌ಗೆ ಅಲ್ಲಿ ಉಳಿದದ್ದು ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ಯಾವ ಆಟಗಾರನೂ ಆ ತೀರ್ಮಾನ ಮಾಡಲಿಲ್ಲ.

ಕೋಚ್‌ಗಳಿಗೆ ಮಿತಿ ಯಾಕಿಲ್ಲ ಎಂಬುದಕ್ಕೂ ಉತ್ತರ ಇದೆ. ಒಮ್ಮೆ ಹಾಕಿ ನೋಡಿದರು. 1990ರ ದಶಕದಲ್ಲಿ ಬ್ಯಾಸ್ಕೆಟ್‌ಬಾಲಿನ ಒಂದು ದರ್ಜೆಯ ಸಹಾಯಕ ಕೋಚ್‌ಗಳಿಗೆ ವರ್ಷಕ್ಕೆ 16,000 ಡಾಲರ್ ಮೀರಬಾರದು ಎಂದು ಎನ್‌ಸಿಎಎ ನಿಯಮ ಮಾಡಿತು. ಖರ್ಚು ಇಳಿಸಲು, ಪೈಪೋಟಿ ಸಮ ಮಾಡಲು ಎಂದೇ ಅದು ಕೊಟ್ಟ ಕಾರಣ. ಕೋಚ್‌ಗಳು ದಾವೆ ಹೂಡಿದರು. 1998ರಲ್ಲಿ ಹತ್ತನೇ ಸರ್ಕೀಟ್ ಮೇಲ್ಮನವಿ ನ್ಯಾಯಾಲಯ ಇದು ವ್ಯಾಪಾರದಲ್ಲಿ ಪೈಪೋಟಿಯನ್ನು ಕಾಯುವ ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದಿತು. ಕೊನೆಗೆ ಎನ್‌ಸಿಎಎ 5 ಕೋಟಿ 45 ಲಕ್ಷ ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಿತು. ಅಂದಿನಿಂದ ಕೋಚ್‌ಗಳ ಸಂಬಳದ ತಂಟೆಗೆ ಯಾರೂ ಹೋಗಿಲ್ಲ. ಅದೇ ಕಾನೂನು ಆಟಗಾರರಿಗೂ ಅನ್ವಯಿಸಬೇಕಲ್ಲ? 2021ರ ಆಲ್ಸ್‌ಟನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 9-0ರಿಂದ ಆಟಗಾರರ ಪರ ನಿಂತಿತು. ಎನ್‌ಸಿಎಎ ಕಾನೂನಿಗಿಂತ ಮೇಲಲ್ಲ ಎಂದು ನ್ಯಾಯಮೂರ್ತಿ ಕ್ಯಾವನೊ ಪ್ರತ್ಯೇಕವಾಗಿ ಬರೆದರು. ಈಗಿನ ಮಿತಿ ನಿಂತಿರುವುದು ಒಂದು ರಾಜಿಯ ಆಸರೆಯಲ್ಲಿ ಮಾತ್ರ.

ಬಸವನಗುಡಿ ಬೆಂಚು:
ಹಾಗಾದರೆ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಹೇಗೆ ಮಿತಿ ಇಟ್ಟುಕೊಂಡಿದೆ? ಅದೂ ಅಮೆರಿಕದಲ್ಲೇ ಇದೆಯಲ್ಲ ಸರ್, ಅದೇ ಕಾನೂನಿನ ಕೆಳಗೆ.

ಕಾನೂನು ಕಡತ:
ಒಳ್ಳೆಯ ಪ್ರಶ್ನೆ. ವ್ಯತ್ಯಾಸ ಒಂದೇ: ಅಲ್ಲಿ ಆಟಗಾರರ ಸಂಘ ಇದೆ. 1994ರಿಂದ ಇರುವ ಆ ಮಿತಿಯನ್ನು ಮಾಲೀಕರೂ ಸಂಘವೂ ಮೇಜಿನ ಎದುರುಬದುರು ಕೂತು ಒಪ್ಪಿಕೊಂಡಿದ್ದಾರೆ. ಹಾಗೆ ಸಾಮೂಹಿಕವಾಗಿ ಒಪ್ಪಿಕೊಂಡ ಮಿತಿಗೆ ಸ್ಪರ್ಧಾ ಕಾನೂನಿನಿಂದ ವಿನಾಯಿತಿ ಸಿಗುತ್ತದೆ. 2025ಕ್ಕೆ ಎನ್‌ಎಫ್‌ಎಲ್ ತಂಡವೊಂದರ ಮಿತಿ 27 ಕೋಟಿ 92 ಲಕ್ಷ ಡಾಲರ್. ಮುಖ್ಯ ವಿಷಯ ಇದು: ಒಟ್ಟು ಆದಾಯದಲ್ಲಿ ಕನಿಷ್ಠ 48 ಶೇಕಡಾ ಆಟಗಾರರಿಗೆ ಹೋಗಬೇಕು ಎಂದು ಒಪ್ಪಂದದಲ್ಲೇ ಬರೆದಿದೆ. ಕಾಲೇಜಿನಲ್ಲಿ ಎಷ್ಟು? ದೊಡ್ಡ ಕಾನ್ಫರೆನ್ಸುಗಳ ಟಿವಿ, ಟಿಕೆಟ್, ಪ್ರಾಯೋಜಕತ್ವದಂಥ ಕೆಲವೇ ಬಾಬತ್ತುಗಳ ಸರಾಸರಿ ಆದಾಯದ 22 ಶೇಕಡಾ. ಅದರೊಳಗೇ ಹೊಸ ಸ್ಕಾಲರ್‌ಶಿಪ್‌ಗಳ ಲೆಕ್ಕ 25 ಲಕ್ಷ ಡಾಲರಿನವರೆಗೆ ಸೇರಿಹೋಗುತ್ತದೆ.

ಐಪಿಎಲ್ ಬಗ್ಗೆಯೂ ಒಂದು ಮಾತು. 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ವರ್ಷಕ್ಕೆ 9,600 ಕೋಟಿಗೂ ಮೇಲೆ. ಹತ್ತು ತಂಡಗಳ ಹರಾಜಿನ ಹಣ ಪೂರ್ತಿ ಸೇರಿದರೆ 1,200 ಕೋಟಿ. ಈಗ ಆಡುತ್ತಿರುವವರಿಗೆ ನಮ್ಮಲ್ಲಿ ಸಂಘವೇ ಇಲ್ಲ. ತಂಡ ತಂಡದ ನಡುವೆ ಸಮಾನತೆ ಬಂದ ಮಾತ್ರಕ್ಕೆ ಆಟಗಾರನಿಗೆ ನ್ಯಾಯ ಸಿಕ್ಕಿತು ಎಂದಾಗುವುದಿಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಬ್ಲೂಮಿಂಗ್ಟನ್ ಬಿಸಿಲು:
ಇಂಡಿಯಾನಾ ವಿದ್ಯಾರ್ಥಿನಿ ಇಲ್ಲಿ. ಇಷ್ಟು ಹೊತ್ತು ತಡೆದುಕೊಂಡು ಓದುತ್ತಿದ್ದೆ, ಇನ್ನು ಆಗುವುದಿಲ್ಲ!

ಕೊಲಂಬಸ್ ಅಣ್ಣ, ದುಡ್ಡು ಬಂದ ಮೇಲೆ ಪೈಪೋಟಿ ಕೆಟ್ಟಿತು ಎನ್ನುತ್ತೀರಿ. ದುಡ್ಡು ನಿಷಿದ್ಧವಾಗಿದ್ದ ಕಾಲದಲ್ಲಿ ಯಾರು ಗೆಲ್ಲುತ್ತಿದ್ದರು ನೋಡಿ. ನಿಕ್ ಸೇಬನ್ ಕೋಚ್ ಆಗಿದ್ದಾಗ ಅಲಬಾಮಾ 2009, 2011, 2012, 2015, 2017, 2020ರಲ್ಲಿ ಚಾಂಪಿಯನ್. ಮಧ್ಯೆ ನಿಮ್ಮ ಒಹಾಯೊ ಸ್ಟೇಟ್, ಕ್ಲೆಮ್ಸನ್, ಎಲ್‌ಎಸ್‌ಯು. ಎಲ್ಲರಿಗೂ 85 ಸ್ಕಾಲರ್‌ಶಿಪ್ ಎಂಬ ಸಮಾನ ಮಿತಿ ಇತ್ತು, ಯಾರಿಗೂ ಸಂಬಳ ಇರಲಿಲ್ಲ. ಕಾಗದದ ಮೇಲೆ ಇದಕ್ಕಿಂತ ಸಮಾನತೆ ಬೇಕೆ? ಆದರೂ ಅದೇ ಐದಾರು ತಂಡ. ಕಾರಣ ಸುಲಭ. ಎಲ್ಲ ಕಡೆ ಸಂಬಳ ಸೊನ್ನೆಯೇ ಆದರೆ ಹುಡುಗ ಒಳ್ಳೆಯ ಕೋಚ್, ದೊಡ್ಡ ಜಿಮ್, ಎನ್‌ಎಫ್‌ಎಲ್‌ಗೆ ಹತ್ತಿರದ ದಾರಿ ಇರುವಲ್ಲಿಗೇ ಹೋಗುತ್ತಾನೆ. ಅಲ್ಲಿ ಬೆಂಚಿನ ಮೇಲೆ ಕೂತರೂ ಬಿಟ್ಟು ಹೋಗುವಂತಿರಲಿಲ್ಲ, ಹೋದರೆ ಒಂದು ವರ್ಷ ಆಡದೆ ಕೂರಬೇಕಿತ್ತು.

ನಮ್ಮ ಇಂಡಿಯಾನಾ? ಇತಿಹಾಸದಲ್ಲೇ ಅತಿ ಹೆಚ್ಚು ಸೋತ ತಂಡಗಳ ಸಾಲಿನಲ್ಲಿ ಮೊದಲಿಗಿತ್ತು. 2023ರಲ್ಲಿ 3 ಗೆಲುವು, 9 ಸೋಲು. ಆಮೇಲೆ ಕೋಚ್ ಕರ್ಟ್ ಸಿಗ್ನೆಟ್ಟಿ ಬಂದರು, ತಂಡ ಬದಲಿಸಬಯಸುವವರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲಿನಿಂದ ಬೇರೆ ತಂಡಗಳ ಆಟಗಾರರನ್ನು ತಂದರು. 2024ರಲ್ಲಿ 11-2. 2025ರ ಸೀಸನ್‌ನಲ್ಲಿ 16-0, ಫೈನಲ್‌ನಲ್ಲಿ ಮಯಾಮಿ ವಿರುದ್ಧ 27-21ರ ಗೆಲುವು. ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಬರ್ಕ್ಲಿಯಿಂದ ಬಂದವರು, ಇಲ್ಲಿ ಆಡಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಗೆದ್ದರು. ದುಡ್ಡು ಕೊಡುವಂತಿಲ್ಲ, ತಂಡ ಬದಲಿಸುವಂತಿಲ್ಲ ಎಂಬ ಹಳೆಯ ನಿಯಮ ಇದ್ದಿದ್ದರೆ ಇದು ಆಗುತ್ತಿತ್ತೆ? ನೂರು ವರ್ಷ ಸೋತ ಊರು ಇದು. ಆ ರಾತ್ರಿ ಕರ್ಕ್‌ವುಡ್ ರಸ್ತೆಯಲ್ಲಿ ಅಳುತ್ತಿದ್ದ ಮುದುಕರನ್ನು ನಾನು ಕಣ್ಣಾರೆ ಕಂಡೆ. ಪೈಪೋಟಿ ಸತ್ತಿದೆ ಎಂದು ದಯವಿಟ್ಟು ಹೇಳಬೇಡಿ.

ಕೊಲಂಬಸ್ ಕನ್ನಡಿಗ:
ತಂಗಿ, ಅಭಿನಂದನೆ. ಡಿಸೆಂಬರಿನಲ್ಲಿ ನಮ್ಮನ್ನೂ ಸೋಲಿಸಿಯೇ ಬಿಗ್ ಟೆನ್ ಪಟ್ಟ ಹಿಡಿದಿರಿ. ಆದರೆ ಇಂಡಿಯಾನಾ ಬಡ ತಂಡ ಅಲ್ಲ. ಅದೇ 700 ಕೋಟಿಯ ಟಿವಿ ಒಪ್ಪಂದದಲ್ಲಿ ಪಾಲು ಇರುವ ತಂಡ. ಶ್ರೀಮಂತರ ಕೇರಿಯಲ್ಲಿದ್ದ ಸೋಮಾರಿ ಮನೆ ಎದ್ದು ಕೆಲಸಕ್ಕೆ ಹೊರಟಿತು, ಕೇರಿಯ ಬಾಗಿಲು ಹೊರಗಿನವರಿಗೆ ತೆರೆಯಲಿಲ್ಲ.

ಸಿಗ್ನೆಟ್ಟಿ ಎಲ್ಲಿಂದ ಬಂದರು? ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್‌ನಿಂದ. ಬರುವಾಗ ಹದಿಮೂರು ಆಟಗಾರರು ಜೊತೆಗೇ ಬಂದರು. ಈಗ ಸಿಗ್ನೆಟ್ಟಿ ಸಂಬಳ ವರ್ಷಕ್ಕೆ 1 ಕೋಟಿ 10 ಲಕ್ಷ ಡಾಲರಿಗೂ ಮೇಲೆ. ಕೋಚನ್ನೂ ಆಟಗಾರರನ್ನೂ ಕಳೆದುಕೊಂಡ ಮೇಲೂ ಜೇಮ್ಸ್ ಮ್ಯಾಡಿಸನ್ ಮತ್ತೆ ಕಟ್ಟಿ 2025ರಲ್ಲಿ ಹನ್ನೆರಡು ತಂಡಗಳ ಪ್ಲೇಆಫ್‌ಗೆ ಬಂತು, ಅಂಥದೇ ಸಣ್ಣ ತಂಡ ಟುಲೇನ್ ಕೂಡ ಬಂತು. ಒರೆಗಾನ್ ಜೇಮ್ಸ್ ಮ್ಯಾಡಿಸನ್ ವಿರುದ್ಧ 51-34, ಓಲ್ ಮಿಸ್ ಟುಲೇನ್ ವಿರುದ್ಧ 41-10ರಿಂದ ಗೆದ್ದವು. ಪ್ಲೇಆಫ್ ಶುರುವಾಗುವ ಮೊದಲೇ ಎರಡೂ ತಂಡಗಳ ಕೋಚ್‌ಗಳು ಬೇರೆ ಕಡೆ ಒಪ್ಪಿಕೊಂಡಾಗಿತ್ತು, ಬಾಬ್ ಚೆಸ್ನಿ ಯುಸಿಎಲ್‌ಎಗೆ, ಜಾನ್ ಸಮ್ರಲ್ ಫ್ಲೋರಿಡಾಗೆ. ಸಣ್ಣ ತಂಡ ಬೆಳೆಸುವುದು, ದೊಡ್ಡ ತಂಡ ಕೊಯ್ಲು ಮಾಡುವುದು. ಈ 2 ಕೋಟಿ 5 ಲಕ್ಷದ ಮಿತಿ ಇವರಿಗೆ ಲೆಕ್ಕಕ್ಕೇ ಬರುವುದಿಲ್ಲ, ಅದರ ಹತ್ತಿರ ಹೋಗುವ ಶಕ್ತಿಯೇ ಇಲ್ಲ. ಜೇಮ್ಸ್ ಮ್ಯಾಡಿಸನ್‌ನಲ್ಲಿ ಕ್ರೀಡೆಯ ಖರ್ಚಿನ ದೊಡ್ಡ ಪಾಲು ಸಾಮಾನ್ಯ ವಿದ್ಯಾರ್ಥಿಗಳು ಕಟ್ಟುವ ಶುಲ್ಕದಿಂದಲೇ ಬರುತ್ತದೆ. ನನ್ನ ಸಿಟ್ಟು ಇರುವುದು ಇಲ್ಲಿ.

ಹುಬ್ಬಳ್ಳಿ ಹುಡುಗ:
ಸರ್, ಈ ಸಿಟ್ಟು ನನಗೂ ಐತಿ. ಆದ್ರ ಮದ್ದು ಬ್ಯಾರೆ. ಜೇಮ್ಸ್ ಮ್ಯಾಡಿಸನ್‌ಗೆ ಬೇಕಾಗಿದ್ದು ಟಿವಿ ರೊಕ್ಕದೊಳಗ ಪಾಲು. ಒಹಾಯೊ ಸ್ಟೇಟ್ ಹುಡುಗನ ಕೈಕಟ್ಟಿದ್ರ ಜೇಮ್ಸ್ ಮ್ಯಾಡಿಸನ್ ಕೈಗೆ ಏನೂ ಬರಂಗಿಲ್ಲ.

ಡಲ್ಲಾಸ್‌ನ್ಯಾಗ ಇರೋದಕ್ಕ ಇಲ್ಲಿನ ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ) ಕತಿ ಹೇಳಲೇಬೇಕು. ಹುಡುಗ್ರಿಗೆ ಗುಟ್ಟಾಗಿ ರೊಕ್ಕ ಕೊಟ್ರು ಅಂತ 1987ರಾಗ ಎನ್‌ಸಿಎಎ ಅವರ ಇಡೀ ಫುಟ್‌ಬಾಲ್ ಸೀಸನ್ ರದ್ದು ಮಾಡ್ತು. ಅದಕ್ಕ ಇಲ್ಲಿ ಮರಣದಂಡನೆ ಅಂತಲೇ ಹೆಸರು. ಆರೋಪದ ಮೊತ್ತ ಎಷ್ಟು? ಹದಿಮೂರು ಆಟಗಾರರಿಗೆ ಸೇರಿ ಸುಮಾರು 61,000 ಡಾಲರ್. ತಂಡ ಎದ್ದು ನಿಲ್ಲಲಿಕ್ಕೆ ಹತ್ತಿರ ಹತ್ತಿರ ನಾಲ್ಕು ದಶಕ ಹಿಡೀತು. 2024ರಾಗ ಎಸಿಸಿ ಕಾನ್ಫರೆನ್ಸ್ ಸೇರೋ ಸಲುವಾಗಿ ಒಂಬತ್ತು ವರ್ಷದ ಟಿವಿ ಪಾಲು ಬ್ಯಾಡ ಅಂತ ಬರಕೊಟ್ರು. ಆ ಕೊರತಿ ತುಂಬಲಿಕ್ಕೆ ಹಳೇ ವಿದ್ಯಾರ್ಥಿಗಳು ಒಂದೇ ವಾರದಾಗ 10 ಕೋಟಿ ಡಾಲರ್ ಕೂಡಿಸಿದ್ರು. ಅದೇ ವರ್ಷ ಪ್ಲೇಆಫ್‌ಗೂ ಬಂದ್ರು. 61,000ಕ್ಕ ಜೀವಾ ತೆಗದ ವ್ಯವಸ್ಥೆ, 10 ಕೋಟಿ ತಂದವರನ್ನ ಬಾಗಿಲು ತಗದು ಒಳಗ ಕರೀತು. ಮಿತಿ ಅನ್ನೋದು ಇಲ್ಲಿ ಯಾವಾಗ್ಲೂ ಯಾರಿಗೆ ಅನುಕೂಲ ಆಗೇತಿ ಅಂತ ನೀವ ವಿಚಾರ ಮಾಡ್ರಿ.

ಪಡುಕಡಲು:
ನನ್ನ ಮಗಳು ಈಜುಗಾರ್ತಿ, ಹೈಸ್ಕೂಲಿನಲ್ಲಿದ್ದಾಳೆ. ಹಾಗಾಗಿ ಈ ಚರ್ಚೆ ನನಗೆ ಬರೀ ಶನಿವಾರದ ಪಂದ್ಯದ ವಿಷಯವಲ್ಲ.

ಇಷ್ಟೊತ್ತು ಎಲ್ಲರೂ ಫುಟ್‌ಬಾಲಿನ ಒಳಗೇ ನ್ಯಾಯ ಹುಡುಕುತ್ತಿದ್ದೀರಿ. ಈ ಮೊಕದ್ದಮೆಗೆ ಹೆಸರು ಕೊಟ್ಟ ಗ್ರಾಂಟ್ ಹೌಸ್ ಅರಿಜೋನಾ ಸ್ಟೇಟ್‌ನ ಈಜುಗಾರ, ಅದು ಗೊತ್ತಿರಲಿ. ಈಗ ಹಂಚಿಕೆ ಹೇಗಾಗುತ್ತಿದೆ? ಬಾಕಿ ಹಣದ ಹಂಚಿಕೆಯ ಸೂತ್ರವನ್ನೇ ಬಹಳ ಕಡೆ ಮಾದರಿಯಾಗಿ ಇಟ್ಟುಕೊಂಡಿದ್ದಾರೆ: ಫುಟ್‌ಬಾಲಿಗೆ ಸುಮಾರು 75 ಶೇಕಡಾ, ಗಂಡಸರ ಬ್ಯಾಸ್ಕೆಟ್‌ಬಾಲಿಗೆ 15, ಹೆಂಗಸರ ಬ್ಯಾಸ್ಕೆಟ್‌ಬಾಲಿಗೆ 5, ಉಳಿದ ಎಲ್ಲಕ್ಕೂ ಸೇರಿ 5. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ವಿಶ್ವವಿದ್ಯಾಲಯ 2025ರ ಮಾರ್ಚ್‌ನಲ್ಲಿ ಈಜು ಮತ್ತು ಡೈವಿಂಗ್ ತಂಡಗಳನ್ನೇ ಮುಚ್ಚಿತು, ಈ ರಾಜಿಯನ್ನೂ ಒಂದು ಕಾರಣವಾಗಿ ಹೇಳಿತು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಅಮೆರಿಕದ ತಂಡದಲ್ಲಿ ಸುಮಾರು ಮುಕ್ಕಾಲು ಪಾಲು ಜನ ಕಾಲೇಜು ಕ್ರೀಡೆಯಿಂದ ಬಂದವರು. ನಮ್ಮ ದೇಶಕ್ಕೂ ಇದರ ಋಣ ಇದೆ. ಹೈಜಂಪ್‌ನ ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್‌ನಲ್ಲಿ ಓದುತ್ತಾ ಎನ್‌ಸಿಎಎ ಚಾಂಪಿಯನ್ ಆದರು, 2022ರ ಕಾಮನ್‌ವೆಲ್ತ್‌ನಲ್ಲಿ ಕಂಚು ತಂದರು. ಅವರ ಸ್ಕಾಲರ್‌ಶಿಪ್ಪಿಗೆ ಹೈಜಂಪ್ ನೋಡಲು ಟಿಕೆಟ್ ಕೊಂಡವರ ದುಡ್ಡು ಸಾಕಾಗುತ್ತಿತ್ತೆ? ಫುಟ್‌ಬಾಲ್ ಗಳಿಸಿದ್ದು ಉಳಿದ ಮಕ್ಕಳನ್ನು ಸಾಕುತ್ತಿತ್ತು. ಆ ಹಣವನ್ನು ಗಳಿಸಿದವರೇ ಪೂರ್ತಿ ಕೊಂಡೊಯ್ದರೆ ನನ್ನ ಮಗಳಂಥವರ ಜಾಗ ಎಲ್ಲಿ? ನನಗೆ ಮಿತಿ ಬೇಕಾಗಿರುವುದು ಟೊಲೆಡೊ ಗೆಲ್ಲಲಿ ಎಂದಲ್ಲ. ಈಜುಕೊಳಕ್ಕೆ ನೀರು ತುಂಬುತ್ತಿರಲಿ ಎಂದು.

ಹುಬ್ಬಳ್ಳಿ ಹುಡುಗ:
ಅಕ್ಕಾರ, ನಿಮ್ಮ ಮಗಳಿಗೆ ಒಳ್ಳೇದಾಗ್ಲಿ, ಮನಸಾರೆ ಹೇಳ್ತೇನಿ. ಆದ್ರೂ ಒಂದು ಮಾತು. ಫಿಶರ್‌ಗೆ 7 ಕೋಟಿ 60 ಲಕ್ಷ ಕೊಡುವಾಗ 'ಈಜುಕೊಳದ ಗತಿ ಏನು' ಅಂತ ಯಾರೂ ಕೇಳಲಿಲ್ಲ. ಹುಡುಗ್ರು ಕೇಳಿದಾಗ ಮಾತ್ರ ಈಜುಗಾರ್ತಿ ನೆನಪಾಗ್ತಾಳ. ಫುಟ್‌ಬಾಲ್ ತಂಡದಾಗ ಬಡ ಮನಿಯಿಂದ, ಕರಿಯ ಜನರ ಮನಿಯಿಂದ ಬಂದ ಹುಡುಗ್ರು ಬಹಳ. ಅವರ ದುಡಿಮಿಯಿಂದ ಎಲ್ಲರನ್ನೂ ಸಾಕಬೇಕು, ಅವರು ಮಾತ್ರ ಕೈ ಚಾಚಬಾರ್ದು ಅಂದ್ರ ಅದು ಯಾವ ನ್ಯಾಯ?

ಇನ್ನೊಂದು. ಬಯಲು ಮಾರುಕಟ್ಟಿ ಹೆಣ್ಣುಮಕ್ಕಳಿಗೆ ಬರೇ ಹಾನಿ ಮಾಡೇತಿ ಅನಬ್ಯಾಡ್ರಿ. ಸಾಫ್ಟ್‌ಬಾಲ್ ಪಿಚರ್ ನೈಜರಿ ಕೆನಡಿ ಟೆಕ್ಸಸ್ ಟೆಕ್‌ಗೆ ಬರುವಾಗ 10 ಲಕ್ಷ ಡಾಲರಿಗೂ ಹೆಚ್ಚಿನ ಒಪ್ಪಂದ ಆಯ್ತು. ಮುಂದಿನ ವರ್ಷ ತಂಡ ರಾಷ್ಟ್ರೀಯ ಫೈನಲ್‌ಗೆ ಹೋತು.

ಪಡುಕಡಲು:
ಒಬ್ಬ ಕೆನಡಿಯ ಹಿಂದೆ ತಂಡವನ್ನೇ ಕಳೆದುಕೊಂಡ ಎಷ್ಟೋ ಹುಡುಗಿಯರಿದ್ದಾರೆ ತಮ್ಮಾ. ಆ 10 ಲಕ್ಷ ಬಂದದ್ದೂ ಎಣ್ಣೆ ದುಡ್ಡಿನ ದಾನಿಗಳ ಮನಸ್ಸಿನಿಂದ. ನಾಳೆ ಅವರ ಮನಸ್ಸು ಬದಲಾದರೆ? ಕಾನೂನಿನ ಹಕ್ಕು ಹಾಗಲ್ಲ. ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಟೈಟಲ್ ನೈನ್ ಇದೆ. ಈ ಹೊಸ ಹಂಚಿಕೆಗೆ ಅದು ಅನ್ವಯಿಸುತ್ತದೆ ಎಂದು 2025ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಹೇಳಿತು, ಸರ್ಕಾರ ಬದಲಾಯಿತು, ಫೆಬ್ರುವರಿಯಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. ಬಾಕಿ ಹಣದ ಹಂಚಿಕೆ ಪ್ರಶ್ನಿಸಿ ಎಂಟು ಹೆಣ್ಣುಮಕ್ಕಳು ಮೇಲ್ಮನವಿ ಹಾಕಿದ್ದಾರೆ. ದುಡಿದವರಿಗೆ ಸಿಗಲಿ ಎನ್ನುವ ನಿಮ್ಮ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಕೋಚ್‌ಗಳ ವಿಷಯದಲ್ಲಂತೂ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಇದು ಕಂಪನಿ ಅಲ್ಲ, ವಿಶ್ವವಿದ್ಯಾಲಯ. ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ತನ್ನ ಎಲ್ಲ ಮಕ್ಕಳ ಬಗ್ಗೆಯೂ ಯೋಚಿಸಬೇಕು.

ಬ್ಲೂಮಿಂಗ್ಟನ್ ಬಿಸಿಲು:
ಪಡುಕಡಲು ಅಕ್ಕ ಹೇಳಿದ್ದು ನನ್ನನ್ನೂ ಯೋಚನೆಗೆ ಹಚ್ಚಿತು. ಒಂದು ಸಂದೇಹ. ಈ ಮಿತಿಯನ್ನು ಯಾರಾದರೂ ನಿಜವಾಗಿ ಪಾಲಿಸುತ್ತಿದ್ದಾರೆಯೇ? ವಿಶ್ವವಿದ್ಯಾಲಯದ 2 ಕೋಟಿ 5 ಲಕ್ಷದ ಹೊರಗೆ ಬೂಸ್ಟರ್‌ಗಳ, ಅಂದರೆ ತಂಡದ ಅಭಿಮಾನಿ ದಾನಿಗಳ, ದುಡ್ಡು ಬೇರೆ ಬರುತ್ತದಲ್ಲ?

ಕಾನೂನು ಕಡತ:
ಬರುತ್ತದೆ. ಅದನ್ನು ಕಾಯಲೆಂದೇ ಕಾಲೇಜ್ ಸ್ಪೋರ್ಟ್ಸ್ ಕಮಿಷನ್ ಎಂಬ ಹೊಸ ಸಂಸ್ಥೆ ಮಾಡಿದರು. ಹಿಂದೆ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ತನಿಖೆ ನೋಡಿಕೊಳ್ಳುತ್ತಿದ್ದ ಬ್ರಯನ್ ಸೀಲಿ ಅದರ ಮುಖ್ಯಸ್ಥ. 600 ಡಾಲರ್ ಮೀರಿದ ಪ್ರತಿ ಹೊರಗಿನ ಒಪ್ಪಂದವನ್ನೂ ಆಟಗಾರ 'ಎನ್‌ಐಎಲ್ ಗೋ' ಎಂಬ ತಾಣದಲ್ಲಿ ದಾಖಲಿಸಬೇಕು. ಅದನ್ನು ಕಟ್ಟಿದ್ದು ಡೆಲಾಯ್ಟ್. ಒಪ್ಪಂದಕ್ಕೆ ನಿಜವಾದ ವ್ಯಾಪಾರದ ಉದ್ದೇಶ ಇದೆಯೇ, ಮೊತ್ತ ಮಾರುಕಟ್ಟೆ ದರದೊಳಗಿದೆಯೇ ಎಂದು ನೋಡುತ್ತಾರೆ. ಶುರುವಾದ ತಿಂಗಳಲ್ಲೇ ಬೂಸ್ಟರ್ ಕೂಟಗಳ ವಿಷಯದಲ್ಲಿ ಜಗಳವಾಗಿ ನಿಯಮ ಸಡಿಲವಾಯಿತು. ಜುಲೈ 1ಕ್ಕೂ ಮೊದಲು ಹಣ ಕೊಟ್ಟು ಮುಗಿಸಿದ ಒಪ್ಪಂದಗಳಿಗೆ ಈ ಪರೀಕ್ಷೆ ಇರಲಿಲ್ಲ, ಹಾಗಾಗಿ ಬಹಳ ತಂಡಗಳು ಆ ದಿನಕ್ಕೆ ಮುಂಚೆಯೇ ಹಣ ಸುರಿದವು. ಎಣ್ಣೆ ಉದ್ಯಮಿ ಕೋಡಿ ಕ್ಯಾಂಪ್‌ಬೆಲ್ ಬೆನ್ನಿಗಿದ್ದ ಟೆಕ್ಸಸ್ ಟೆಕ್ 2025ರಲ್ಲಿ ಮೊದಲ ಬಾರಿಗೆ ಬಿಗ್ 12 ಕಾನ್ಫರೆನ್ಸಿನ ಪಟ್ಟ ಗೆದ್ದಿತು. ಪ್ಲೇಆಫ್‌ನಲ್ಲಿ ಒರೆಗಾನ್ ಎದುರು ಒಂದು ಪಾಯಿಂಟೂ ಸಿಗದೆ 23-0ರಿಂದ ಸೋತಿತು, ಅದೂ ನಿಜ.

ಕಮಿಷನ್ ಮಾತು ಕೇಳುತ್ತೇವೆ, ಕೋರ್ಟಿಗೆ ಹೋಗುವುದಿಲ್ಲ ಎಂದು ಬರೆದುಕೊಡುವ ಒಪ್ಪಂದಕ್ಕೆ ವಿಶ್ವವಿದ್ಯಾಲಯಗಳ ಸಹಿ ಕೇಳಿದಾಗ, ಸಹಿ ಹಾಕಬೇಡಿ ಎಂದು ಟೆಕ್ಸಸ್‌ನ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ತಮ್ಮ ರಾಜ್ಯದವರಿಗೆ ಬಹಿರಂಗವಾಗಿ ಹೇಳಿದರು. ಪ್ರತಿ ರಾಜ್ಯಕ್ಕೂ ತನ್ನ ತಂಡ ಗೆಲ್ಲಬೇಕು. ನಿಯಮಕ್ಕೆ ಒಪ್ಪಿಕೊಳ್ಳದ ಆಟಗಾರ ಒಬ್ಬನಿದ್ದರೂ ಸಾಕು, ಮತ್ತೊಂದು ದಾವೆ ಬರುತ್ತದೆ, ಮಿತಿ ಅಲುಗಾಡುತ್ತದೆ. ಆಟಗಾರರ ಸಹಿ ಇಲ್ಲದ ಮಿತಿಯ ದೌರ್ಬಲ್ಯವೇ ಇದು.

ಕೊಲಂಬಸ್ ಕನ್ನಡಿಗ:
ಹಾಗಾದರೆ ನೇರವಾಗಿ ಕೇಳುತ್ತೇನೆ. ಮಿತಿ ಇರಲಿ, ಆದರೆ ಆಟಗಾರರ ಸಂಘದ ಜೊತೆ ಕೂತು ಮಾಡಲಿ. ಕೋಚ್ ಕೊಯ್ಲಿಗೂ, ಟಿವಿ ಪಾಲಿಗೂ ಅದೇ ಮೇಜಿನ ಮೇಲೆ ಲೆಕ್ಕ ಆಗಲಿ. ಇದು ಸಾಧ್ಯವೇ?

ಕಾನೂನು ಕಡತ:
ಎರಡು ಸಲ ಪ್ರಯತ್ನ ಆಗಿದೆ. 2014ರಲ್ಲಿ ನಾರ್ತ್‌ವೆಸ್ಟರ್ನ್ ಫುಟ್‌ಬಾಲ್ ಆಟಗಾರರು ಸಂಘಕ್ಕಾಗಿ ಮತ ಹಾಕಿದರು, ಮರುವರ್ಷ ರಾಷ್ಟ್ರೀಯ ಕಾರ್ಮಿಕ ಮಂಡಳಿ ಇದು ನಮ್ಮ ವ್ಯಾಪ್ತಿಗೆ ಬೇಡ ಎಂದು ಕೈಬಿಟ್ಟಿತು. ಆ ಮತಗಳನ್ನು ಎಣಿಸಲೇ ಇಲ್ಲ. 2024ರ ಮಾರ್ಚ್‌ನಲ್ಲಿ ಡಾರ್ಟ್‌ಮತ್ ಬ್ಯಾಸ್ಕೆಟ್‌ಬಾಲ್ ತಂಡ 13-2ರಿಂದ ಸಂಘ ಬೇಕೆಂದಿತು, ಮಂಡಳಿಯ ಆಡಳಿತ ಬದಲಾಗುವ ಸೂಚನೆ ಕಂಡು ಡಿಸೆಂಬರ್ ಕೊನೆಯಲ್ಲಿ ಅರ್ಜಿ ವಾಪಸ್ ತೆಗೆದುಕೊಂಡಿತು. ಇನ್ನೂ ಒಂದು ತೊಡಕಿದೆ. ಆ ಮಂಡಳಿಯ ಅಧಿಕಾರ ಖಾಸಗಿ ಸಂಸ್ಥೆಗಳ ಮೇಲೆ ಮಾತ್ರ. ಒಹಾಯೊ ಸ್ಟೇಟ್, ಅಲಬಾಮಾ, ಇಂಡಿಯಾನಾ ಎಲ್ಲವೂ ಸರ್ಕಾರಿ. ಅಲ್ಲಿ ರಾಜ್ಯದ ಕಾನೂನು ನಡೆಯುತ್ತದೆ, ದಕ್ಷಿಣದ ಕೆಲವು ರಾಜ್ಯಗಳಲ್ಲಿ ಸರ್ಕಾರಿ ನೌಕರರಿಗೆ ಸಾಮೂಹಿಕ ಚೌಕಾಸಿಯ ಹಕ್ಕೇ ಇಲ್ಲ. ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕಾನೂನು ಮಾಡಬೇಕು. ಅಲ್ಲಿ ಈಗ ಓಡಾಡುತ್ತಿರುವ ಸ್ಕೋರ್ ಮಸೂದೆಯಂತೂ ತದ್ವಿರುದ್ಧ. ಎನ್‌ಸಿಎಎಗೆ ಸ್ಪರ್ಧಾ ಕಾನೂನಿನಿಂದ ರಕ್ಷಣೆ, ಆಟಗಾರರು ನೌಕರರಲ್ಲ ಎಂಬ ಷರಾ.

ಪಡುಕಡಲು:
ಹುಬ್ಬಳ್ಳಿ ತಮ್ಮಾ, ಸಂಘ ಬಂದಿತು ಎಂದೇ ಇಟ್ಟುಕೊಳ್ಳೋಣ. ಫುಟ್‌ಬಾಲ್ ಆಟಗಾರರು ನೌಕರರಾದರು. ಆಗ ವಿಶ್ವವಿದ್ಯಾಲಯ 'ಇನ್ನು ಈಜು ತಂಡಕ್ಕೆ ನಮ್ಮಲ್ಲಿ ಹಣ ಇಲ್ಲ' ಎಂದರೆ ನಿಮ್ಮ ಉತ್ತರವೇನು?

ಹುಬ್ಬಳ್ಳಿ ಹುಡುಗ:
ಅಕ್ಕಾರ, ಆವಾಗ ಅದೇ ಸಂಘದೊಳಗ ನಿಮ್ಮ ಮಗಳಿಗೂ ಒಂದು ಮತ ಇರಬೇಕು ಅಂತೇನಿ. ಫುಟ್‌ಬಾಲ್ ಸಂಘ ಅಲ್ಲ, ಇಡೀ ಯೂನಿವರ್ಸಿಟಿಯ ಆಟಗಾರರ ಸಂಘ. ಲೆಕ್ಕದ ಪುಸ್ತಕ ತಗದು ತೋರಸ್ರಿ, ಕೋಚ್‌ಗೆ ಎಷ್ಟು, ಕಟ್ಟಡಕ್ಕ ಎಷ್ಟು, ತೆಗೆದು ಹಾಕಿದ ಕೋಚ್‌ಗೆ ಎಷ್ಟು ಅಂತ ಮೊದಲ ಕೇಳೋಣು. ಈಜಿಗೆ ರೊಕ್ಕ ಇಲ್ಲ ಅನ್ನೋ ಮಾತು ಆಮ್ಯಾಲೆ.

ಪಡುಕಡಲು:
ಮತ ಇದ್ದರೆ ಒಪ್ಪುತ್ತೇನೆ. ಆದರೆ ಫುಟ್‌ಬಾಲ್ ತಂಡದಲ್ಲಿ 105 ಜನ, ಈಜಿನಲ್ಲಿ ಮೂವತ್ತು ಚಿಲ್ಲರೆ. ಮತ ಎಣಿಸಿದರೆ ಮತ್ತೆ ನಾವೇ ಸೋಲುತ್ತೇವೆ. ಪ್ರತಿ ಆಟಕ್ಕೂ ಇಷ್ಟು ಎಂದು ಕೆಳಮಿತಿಯೂ ಆ ಒಪ್ಪಂದದಲ್ಲಿ ಇರಲಿ. ಮೇಲಿನ ಮಿತಿಗಿಂತ ನನಗೆ ಅದು ಮುಖ್ಯ.

ಕೊಲಂಬಸ್ ಕನ್ನಡಿಗ:
ಕೆಳಮಿತಿ. ಇದನ್ನು ಯಾರೂ ಚರ್ಚಿಸುತ್ತಲೇ ಇಲ್ಲ. ಒಹಾಯೊ ಸ್ಟೇಟ್‌ನಲ್ಲಿ 36 ಆಟಗಳಿವೆ, ರಾಜಿಯಾದಾಗ ಒಂದನ್ನೂ ಮುಚ್ಚಲಿಲ್ಲ. ಆದರೆ ಮುಚ್ಚಬಾರದು ಎಂಬ ಷರತ್ತು ಎಲ್ಲಿಯೂ ಬರೆದಿಲ್ಲ. ಕಡತ ಅವರೇ, ಹಾಗೆ ಬರೆಸಲು ಕಾನೂನಿನ ಅಡ್ಡಿ ಇದೆಯೇ?

ಕಾನೂನು ಕಡತ:
ಹೆಚ್ಚು ಖರ್ಚು ಮಾಡಬೇಡಿ ಎಂದು ಎಲ್ಲರೂ ಸೇರಿ ಒಪ್ಪಿಕೊಂಡರೆ ಸ್ಪರ್ಧಾ ಕಾನೂನು ಅಡ್ಡ ಬರುತ್ತದೆ. ಇಷ್ಟಕ್ಕಿಂತ ಕಡಿಮೆ ಮಾಡಬೇಡಿ ಎಂಬುದು ಈಗಲೂ ಒಂದು ರೂಪದಲ್ಲಿ ಇದೆ. ಮೇಲಿನ ದರ್ಜೆಯಲ್ಲಿ ಉಳಿಯಬೇಕಾದರೆ ಕನಿಷ್ಠ ಹದಿನಾರು ಆಟಗಳಿರಬೇಕು ಎಂಬ ನಿಯಮ ಹಳೆಯದು. ಅದನ್ನು ಏರಿಸಲು ಕೋರ್ಟ್ ಬೇಕಿಲ್ಲ, ಕಾಂಗ್ರೆಸ್ ಬೇಕಿಲ್ಲ. ವಿಶ್ವವಿದ್ಯಾಲಯಗಳ ಅಧ್ಯಕ್ಷರೇ ಕೂತು ಮತ ಹಾಕಿದರೆ ಸಾಕು.